ಸ್ಯಾಂಪಲಿಗೆ ಕೊಟ್ಟ ಪಂಪು

ಬಂಟ್ವಾಳದ ಕೋರ್ಟಿನಲ್ಲಿ ಬಹುಕಾಲ ಸಿವಿಲ್ ವಕೀಲಿ ಮಾಡಿದವನು ನಾನು. ತೀರ್ಪು ಕೇಳುವುದು, ಕೇಳಿದ ಮೇಲೆ ಮುಖ ಗಂಭೀರ ಮಾಡಿಕೊಂಡು ಕಕ್ಷಿದಾರನಿಗೆ "ಮೇಲೆ ಹೋಗುವ" ಎನ್ನುವುದು ನನಗೆ ಊಟ ನಿದ್ದೆಯಷ್ಟು ರೂಢಿ. ಆದರೆ ಮೇಲೆ ಹೋಗಲು ಮೆಟ್ಟಿಲೇ ಇಲ್ಲದ ತೀರ್ಪೊಂದು ನಿವೃತ್ತನಾದ ಮೇಲೆ ಸಿಕ್ಕಿತು. ಕೊಟ್ಟವಳು ನನ್ನ ಹೆಂಡತಿ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಕೈಯಲ್ಲಿ ಸೌಟು ಹಿಡಿದು.

"ಪತ್ತನಾಜೆಯ ಒಳಗೆ ನಿಮ್ಮ ಕಾರು ನನ್ನನ್ನು ಕೂರಿಸಿಕೊಂಡು ಪೊಳಲಿ ದೇವಸ್ಥಾನಕ್ಕೆ ಹೋಗಿ ವಾಪಸು ಬರ್ಬೇಕು. ತಳ್ಳಲಿಕ್ಕಿಲ್ಲ, ಹಗ್ಗ ಕಟ್ಟಿ ಎಳೀಲಿಕ್ಕಿಲ್ಲ. ಬಂದ್ರೆ ಅಂಗಳದ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಇರ್ಲಿ. ಬರ್ಲಿಲ್ಲ ಅಂದ್ರೆ ಗುಜರಿಯವರಿಗೆ ನಾನೇ ಫೋನ್ ಮಾಡ್ತೇನೆ."

ನಮ್ಮ ಮನೆಯಲ್ಲಿ ಇಂಥ ಮಾತುಗಳೆಲ್ಲ ತುಳುವಿನಲ್ಲಿ ನಡೆಯುತ್ತವೆ. ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಇಳಿದಿದೆ. ಓದುಗರು ತಮ್ಮ ತಮ್ಮ ಅಂದಾಜಿನಲ್ಲಿ ಸೇರಿಸಿಕೊಳ್ಳಬೇಕು.

ಪತ್ತನಾಜೆಯೆಂದರೆ ನಮ್ಮ ಕಡೆ ಬೇಸಗೆಗೆ ಬೀಗ ಹಾಕುವ ದಿನ. ಅಂದಿಗೆ ದೈವಗಳ ಕಾಲಿನ ಗಗ್ಗರ ಒಳಗೆ ಹೋಗುತ್ತದೆ, ಯಕ್ಷಗಾನ ಆಟದ ಮೇಳಗಳು ಪೆಟ್ಟಿಗೆ ಕಟ್ಟುತ್ತವೆ, ಇನ್ನು ಮಳೆಗಾಲ ಎಂದು ಎಲ್ಲರೂ ಒಪ್ಪಿಕೊಳ್ಳುತ್ತಾರೆ. ದೈವಗಳೇ ಒಪ್ಪಿಕೊಂಡ ಗಡುವನ್ನು ಒಬ್ಬ ವಕೀಲ ಪ್ರಶ್ನಿಸುವಂತಿಲ್ಲ. ಅವಳಿಗೂ ಕಾರಣ ಇತ್ತು. ಅವಳ ಸಂಘದ ಹೆಂಗಸರು ಸೇರಿ ಅಡಿಕೆ ಹಾಳೆಯಿಂದ ತಟ್ಟೆ ಒತ್ತುವ ಯಂತ್ರ ಬುಕ್ ಮಾಡಿದ್ದರು. ಅದನ್ನು ಇಡಲು ನೆಲ ಗಟ್ಟಿ ಇರುವ, ಕರೆಂಟು ಇರುವ, ಮಳೆ ಬೀಳದ ಜಾಗ ಊರಲ್ಲಿ ಒಂದೇ. ನಮ್ಮ ಶೆಡ್ಡು. ಆ ಶೆಡ್ಡಿನಲ್ಲಿ ಒಂದು ಅಂಬಾಸಿಡರ್ ಕಾರು ವರ್ಷಗಟ್ಟಲೆಯಿಂದ ಧ್ಯಾನಸ್ಥವಾಗಿ ಕೂತಿತ್ತು.

"ನಿಮ್ಮ ಕಾರು" ಎಂದಳಲ್ಲ, ಅದನ್ನು ದಾಖಲಿಸಬೇಕು. ಕಾರು ಅವಳ ಅಪ್ಪನದ್ದು. ಕಕ್ಕಿಂಜೆಯ ನನ್ನ ಮಾವ ಅದನ್ನು ಚಾರ್ಮಾಡಿ ಘಾಟಿಗೆ ಹತ್ತಿಸಿ ಇಳಿಸಿದ್ದಕ್ಕೆ ಲೆಕ್ಕ ಇಲ್ಲ. ಹೊಸ ಹೊಸ ಗಾಡಿಗಳು ತಿರುವಿನಲ್ಲಿ ಬಾನೆಟ್ ತೆರೆದು ಹೊಗೆ ಬಿಡುತ್ತ ನಿಂತಿರುವಾಗ ಇವರು ನಿಧಾನಕ್ಕೆ ಪಕ್ಕದಲ್ಲೇ ಹೋಗುತ್ತಿದ್ದರು. ಇವರದ್ದೂ ಕಾಯುತ್ತಿತ್ತು, ಆದರೆ ಕುದಿಯುವ ಮೊದಲೇ ನಿಲ್ಲಿಸಿ, ಎಲೆಯಡಿಕೆ ಹಾಕಿ, ನೀರು ಹೊಯ್ದು ಹೊರಡುತ್ತಿದ್ದರು. ಕಣ್ಣು ಮಂಜಾದ ಮೇಲೆ ಕೀ ನನ್ನ ಕೈಗೆ ಕೊಟ್ಟು ಹೇಳಿದ ಮಾತು ಒಂದೇ. "ಅಳಿಯಂದಿರೇ, ಇದು ಇಷ್ಟರವರೆಗೆ ಹಗ್ಗ ಕಂಡದ್ದಲ್ಲ. ನೀವು ಕಾಣಿಸಬೇಡಿ."

ಮಾವನವರು ತೀರಿಹೋದರು. ಕಾರು ನಿಂತಿತು. ಗುಜರಿಯವರು ಬರುವುದೇ ಹಗ್ಗ ಹಿಡಿದುಕೊಂಡು. ಹೀಗಾಗಿ ಹೆಂಡತಿಯ ತೀರ್ಪು ನನಗೆ ಎಷ್ಟು ಆಳಕ್ಕೆ ತಾಗಿತೆಂದು ಅವಳಿಗೆ ಹೇಳಲು ಹೋಗಲಿಲ್ಲ. ಹೇಳಿದ್ದರೆ "ಅಪ್ಪ ನನ್ನವರಾ ನಿಮ್ಮವರಾ" ಎಂಬ ಇನ್ನೊಂದು ದಾವೆ ಹುಟ್ಟುತ್ತಿತ್ತು.

ಕೆಲಸ ಶುರುವಾಯಿತು. ಕಾಗದಪತ್ರಗಳೆಲ್ಲ ಸರಿ ಇದ್ದವು, ಸರಿ ಇಲ್ಲದ್ದು ಕಾರು ಮಾತ್ರ. ಬಿ.ಸಿ. ರೋಡಿನ ಒಬ್ಬ ಮೆಕ್ಯಾನಿಕ್ ಭಾನುವಾರಗಳಲ್ಲಿ ಬಂದು ಕೆಳಗೆ ಮಲಗುತ್ತಿದ್ದ. ಬ್ರೇಕು ಆಯಿತು, ಕಾರ್ಬ್ಯುರೇಟರ್ ಆಯಿತು, ವಯರಿಂಗನ್ನು ಇಲಿಗಳ ಕೈಯಿಂದ ಬಿಡಿಸಿಕೊಂಡದ್ದಾಯಿತು. ಬಾಗಿಲಿನ ಹಿಡಿ ಬೇಕೆಂದಾಗ ಎರಡು ಬಂದವು, ಎರಡೂ ಬಲಬದಿಯದ್ದು. ಎಡಬದಿಯದ್ದು ಕೇಳಿದೆ. ಅಂಗಡಿಯವರು ತುಸು ಬೇಸರದಿಂದ, "ಬಲದ್ದು ಎರಡು ಇದ್ರೆ ಒಂದು ಸ್ಪೇರ್ ಆಯ್ತಲ್ಲ ವಕೀಲರೇ" ಎಂದರು. ಈಗಲೂ ಎಡಬದಿಯ ಬಾಗಿಲನ್ನು ಕಿಟಕಿಯೊಳಗೆ ಕೈ ಹಾಕಿಯೇ ತೆರೆಯಬೇಕು.

ಕೊನೆಗೆ ಒಂದು ಭಾನುವಾರ ಎಂಜಿನ್ ಮಾತಾಡಿತು. ಕೆಮ್ಮಿತು, ನಡುಗಿತು, ಆಮೇಲೆ ಮಾವನವರ ಕಾಲದ ಅದೇ ದಪ್ಪ ಸ್ವರದಲ್ಲಿ ಓಡತೊಡಗಿತು. ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು ಆ ಸ್ವರ ಕೇಳಿಸಿಕೊಂಡು ಒಳಗೆ ಹೋದಳು. ಮೆಕ್ಯಾನಿಕ್ ಟಾರ್ಚು ಹಿಡಿದು ಮುಂದಿನಿಂದ ಬಗ್ಗಿ ನೋಡಿದ.

"ವಾಟರ್ ಪಂಪ್ ಸೋರ್ತದೆ ಸಾರ್. ಹೊಸದು ಹಾಕುವ."

ವಾಟರ್ ಪಂಪೆಂದರೆ ಎಂಜಿನ್ನಿನ ಮುಖದಲ್ಲಿ ಕೂತು ಅದರ ಹೊಟ್ಟೆಯೊಳಗೆ ನೀರನ್ನು ಸುತ್ತಾಡಿಸುವ, ತೆಂಗಿನಕಾಯಿ ಗಾತ್ರದ ಎರಕದ ಸಾಮಾನು. ಅದಿಲ್ಲದಿದ್ದರೆ ಎಂಜಿನ್ ಕುದಿಯುತ್ತದೆ.

"ಇದರಲ್ಲಿ ಪೊಳಲಿಗೆ ಹೋಗಿ ಬರ್ಲಿಕ್ಕಾಗ್ತದಾ?" ಎಂದೆ.

"ಆಗ್ತದೆ. ನಡುವೆ ನಿಲ್ಲಿಸಿ ನೀರು ಹಾಕಿದ್ರೆ ಆಯ್ತು. ಆದ್ರೆ ಇಷ್ಟೆಲ್ಲ ಮಾಡಿ ಹಳೆ ಪಂಪ್ ಎಂತಕ್ಕೆ ಸಾರ್? ಮದುವೆಗೆ ಹೊಸ ಪಂಚೆ ಉಟ್ಟು ಹರಿದ ಚಪ್ಪಲಿ ಹಾಕ್ತಾರಾ?"

ಈ ಪ್ರಶ್ನೆಗೆ ನಾನು "ಹಾಕ್ತಾರೆ" ಎಂದುಬಿಟ್ಟಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಪತ್ತನಾಜೆಗೆ ತಿಂಗಳುಗಟ್ಟಲೆ ಸಮಯ ಇತ್ತು. ಬಿಚ್ಚು ಎಂದೆ. ಬಿಚ್ಚಿದ. ಪಂಪಿನಲ್ಲಿ ಬೋಲ್ಟು ಕೂರುವ ಒಂದು ಕಿವಿ ಹಿಂದೆಂದೋ ಘಾಟಿಯಲ್ಲಿ ಮುರಿದಿತ್ತು. ಮಾವ ಅದನ್ನು ಹಿತ್ತಾಳೆ ಹಾಕಿ ಬೆಸೆಸಿದ್ದರು. ಹಳೆ ಕಬ್ಬಿಣದ ಮೇಲೆ ಒಂದು ಹಳದಿ ಗೆರೆ ದಪ್ಪಕ್ಕೆ ಎದ್ದು ನಿಂತಿತ್ತು, ಹೊಲಿಗೆ ಹಾಕಿದ ಗಾಯದ ಹಾಗೆ.

ಬಂಟ್ವಾಳ ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಅಂಗಡಿಯ ಧನಿಗಳು ನನ್ನ ಪ್ರಾಯದವರು, ಬಾಯಲ್ಲಿ ಸದಾ ಎಲೆಯಡಿಕೆ, ಮಾತಿಗೆ ಮೊದಲು ಒಂದು ನಗೆ.

"ಈ ಪಂಪ್ ಉಂಟಾ?"

"ಉಂಟು ವಕೀಲರೇ."

"ಕೊಡಿ."

"ಈಗ ಇಲ್ಲ."

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ನಮ್ಮ ಮೂರು ತಾಲೂಕುಗಳಲ್ಲಿ ಸಾಮಾನು ಮಾರುವವರು "ಇಲ್ಲ" ಎಂಬ ಶಬ್ದವನ್ನು ಒಂಟಿಯಾಗಿ ಬಳಸುವುದಿಲ್ಲ. ಅದು ಅಮಂಗಳ. "ಉಂಟು, ಈಗ ಇಲ್ಲ", "ಬರ್ಲಿಕ್ಕುಂಟು", "ನಿನ್ನೆ ಇತ್ತು", ಎಲ್ಲಕ್ಕಿಂತ ಮೇಲೆ "ನೋಡುವ". ಕೋರ್ಟಿನಲ್ಲಿ ನಾವು ವಾಯಿದೆ ಕೇಳುತ್ತಿದ್ದೆವಲ್ಲ, ಅದರಲ್ಲಿ ಕಡೆಯಪಕ್ಷ ಒಂದು ತಾರೀಕು ಇರುತ್ತಿತ್ತು. "ನೋಡುವ"ದಲ್ಲಿ ತಾರೀಕೂ ಇಲ್ಲ.

"ಹಳೆ ಪೀಸ್ ಸ್ಯಾಂಪಲಿಗೆ ಕೊಟ್ಟು ಹೋಗಿ" ಎಂದರು ಧನಿಗಳು. "ಬೆಳ್ತಂಗಡಿಗೆ ಕಳಿಸ್ತೇನೆ. ಅಲ್ಲಿ ಹಳೆ ಗಾಡಿಗಳ ಸಾಮಾನು ಗೊತ್ತಿದ್ದವರು ಇದ್ದಾರೆ."

ಇದು ಇಲ್ಲಿನ ಕ್ರಮ. ನಂಬರು ಹೇಳಿದರೆ, ಮಾದರಿಯ ವರ್ಷ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಳೆಯದನ್ನು ತಂದು ಮೇಜಿನ ಮೇಲೆ ಇಡಬೇಕು. ಧನಿಗಳು ಪಂಪನ್ನು ಹಳೆ ಪೇಪರಿನಲ್ಲಿ ಸುತ್ತಿದರು, ಸೆಣಬಿನ ಹಗ್ಗ ಬಿಗಿದರು, ರಸ್ತೆಗಿಳಿದು ಬೆಳ್ತಂಗಡಿ ಬಸ್ಸಿಗೆ ಕೈ ಹಿಡಿದು ಕಂಡಕ್ಟರನಿಗೆ ಕೊಟ್ಟರು. "ಅವರಿಗೆ" ಎಂದರು. ಕಂಡಕ್ಟರ್ "ಆಯ್ತು" ಎಂದ. ಬಸ್ಸು ಹೋಯಿತು.

"ಒಂದು ಹೆಸರು ಬರೀಬಹುದಿತ್ತಲ್ಲ?" ಎಂದೆ.

ಧನಿಗಳಿಗೆ ನಿಜಕ್ಕೂ ನೋವಾಯಿತು. "ಹೆಸರು ಎಂತಕ್ಕೆ ಮಾರಾಯ್ರೆ? ಎಲ್ಲ ಗೊತ್ತಿದ್ದವರೇ ಅಲ್ವಾ?"

ಸರಿ. ಆಸ್ತಿಯ ಗಡಿಗೆ ಕಲ್ಲು ಹಾಕದವರ, ಪಾಲುಪಟ್ಟಿಗೆ ಸಹಿ ಹಾಕದವರ ಕೇಸುಗಳಿಂದಲೇ ಬದುಕು ಕಟ್ಟಿಕೊಂಡವನು ನಾನು. ಅವರೆಲ್ಲರ ವಾದವೂ ಇದೇ ಆಗಿತ್ತು: ಎಲ್ಲ ಗೊತ್ತಿದ್ದವರೇ. ಆದರೂ ಸುಮ್ಮನೆ ಚಾ ಕುಡಿದು ಮನೆಗೆ ಬಂದೆ.

ಮುಂದಿನ ವಾರ ಬೆಳ್ತಂಗಡಿಯಿಂದ ಬಸ್ಸಿನಲ್ಲಿ ಒಂದು ಕಟ್ಟು ಬಂತು. ಹೊಸ ಪಂಪು, ಎಣ್ಣೆ ಕಾಗದದಲ್ಲಿ ಹೊಳೆಯುತ್ತಿತ್ತು. ಡೀಸೆಲ್ ಕಾರಿನದ್ದು. ನನ್ನದು ಪೆಟ್ರೋಲು. ತೂತುಗಳು ಒಂದಕ್ಕೊಂದು ಮುಖ ನೋಡುವುದಿಲ್ಲ. ಹಿಂದಕ್ಕೆ ಕಳಿಸಿದೆ. ಕೆಲವು ದಿನ ಬಿಟ್ಟು ಇನ್ನೊಂದು ಬಂತು. ಅದು ಅಂಬಾಸಿಡರಿನದ್ದೇ ಅಲ್ಲ, ಯಾವ ವಾಹನದ್ದೆಂದು ಮೆಕ್ಯಾನಿಕ್ಕಿಗೂ ತಿಳಿಯಲಿಲ್ಲ. "ಒಳ್ಳೆ ಪಂಪ್ ಸಾರ್" ಎಂದು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕೆ ಸರಿಯಾದ ಕಾರು ಸಿಕ್ಕಿದ್ರೆ ಭಾರೀ ಲಾಯ್ಕ" ಎಂದ.

ನಡುವೆ ಮಂಗಳೂರಿನಲ್ಲಿರುವ ಮಗಳು ನನ್ನ ಅವಸ್ಥೆ ಕೇಳಿ ಕರಗಿ, ಫೋನಿನಲ್ಲೇ ಹುಡುಕಿ ಎಲ್ಲಿಂದಲೋ ತರಿಸಿದಳು. ಚಿತ್ರದಲ್ಲಿ ಅದೇ ಪಂಪು, ಅದೇ ಕಿವಿಗಳು, ಅದೇ ತೂತುಗಳು. ಮೂರು ತಾಲೂಕಿಗೆ ಸಿಗದ್ದು ಅವಳ ಒಂದು ಬೆರಳಿಗೆ ಸಿಕ್ಕಿತಲ್ಲ ಎಂದು ಸಂತೋಷವೂ ಅವಮಾನವೂ ಆಯಿತು. ಪೆಟ್ಟಿಗೆ ಬಂತು. ಬಹಳ ಹಗುರ. ಒಳಗೆ ಪಂಪಿನ ಹಿಂದೆ ಇಡುವ ಕಾಗದದ ಗ್ಯಾಸ್ಕೆಟ್ ಒಂದೇ ಇತ್ತು. ಕೇಳಿದ್ದಕ್ಕೆ ಅವರ ಉತ್ತರ: ಚಿತ್ರ ತಿಳಿವಳಿಕೆಗೆ ಮಾತ್ರ.

ಹೆಂಡತಿ ಆ ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿದಳು. "ಇದರಲ್ಲಿ ಪೊಳಲಿಗೆ ಹೋಗ್ಬಹುದಾ?"

"ನಿನಗೆ ತಮಾಷೆ."

"ನನ್ನ ಯಂತ್ರದವರು ಪತ್ತನಾಜೆಯ ಮರುದಿನ ತರ್ತಾರಂತೆ. ಬೆಳಿಗ್ಗೆ ಹತ್ತು ಗಂಟೆಗೆ. ಅವರ ಹತ್ರ ಪಂಪ್ ಉಂಟಾ ಕೇಳುವನಾ?"

ಫಾಲ್ಗುಣ ಕಳೆಯಿತು, ಸೆಕೆ ಏರಿತು. ಬಂಟ್ವಾಳದ ಧನಿಗಳು ಈಗ ನನ್ನನ್ನು ಕಂಡ ಕೂಡಲೇ ಒಳಗೆ "ಚಾ ತನ್ನಿ" ಎಂದು ಕೂಗುತ್ತಿದ್ದರು. ಸಾಮಾನು ಇಲ್ಲದ ಅಂಗಡಿಯಲ್ಲಿ ಚಾ ಒಂದಕ್ಕೆ ಎಂದೂ ಕೊರತೆಯಾದದ್ದಿಲ್ಲ. ಬೆಂಚಿನಲ್ಲಿ ಕೂತ ಖಾಯಂ ಗಿರಾಕಿಯೊಬ್ಬರು ಒಮ್ಮೆ, "ವಕೀಲರೇ, ಬೇಸರ ಮಾಡ್ಬೇಡಿ, ನಿಮ್ಮ ಕೋರ್ಟಿಗಿಂತ ಬೇಗ ಬರ್ತದೆ" ಎಂದು ಸಮಾಧಾನ ಹೇಳಿದರು. ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಒಳಗೆ ಮಾತ್ರ ಕುದಿಯುತ್ತಿತ್ತು, ಪಂಪಿಲ್ಲದ ಎಂಜಿನ್ನಿನ ಹಾಗೆ.

ಪತ್ತನಾಜೆಗೆ ಎರಡು ವಾರ ಉಳಿದಾಗ ನನಗೆ ಬುದ್ಧಿ ಬಂತು. ಹೊಸದು ಬೇಡ. ನನ್ನ ಹಳೆಯದೇ ಸಾಕು. ಸೋರಲಿ, ನೀರು ಹೊಯ್ದುಕೊಂಡು ಹೋಗಿ ಬರುತ್ತೇನೆ.

"ಸ್ಯಾಂಪಲ್ ವಾಪಸು ಕೊಡಿ" ಎಂದೆ ಧನಿಗಳಿಗೆ.

"ಬೆಳ್ತಂಗಡಿಯಲ್ಲಿ ಉಂಟು."

"ತರಿಸಿ."

"ನೋಡುವ."

ನಾನೇ ಬಸ್ಸು ಹತ್ತಿದೆ. ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಬೆಳ್ತಂಗಡಿ. ಹಳೆ ಗಾಡಿಗಳ ಸಾಮಾನು ಮಾರುವವರ ಅಂಗಡಿ ರಸ್ತೆಯಿಂದ ಒಳಗೆ, ತಗಡಿನ ಮಾಡಿನ ಕೆಳಗೆ. ಅವರು ಮಿತಭಾಷಿ. ಒಂದು ಗೇರ್ ಬಾಕ್ಸಿನಿಂದ ಕಣ್ಣು ಎತ್ತದೆಯೇ ನನ್ನ ಪಾಟೀಸವಾಲಿಗೆ ಉತ್ತರ ಕೊಟ್ಟರು.

"ಬಂಟ್ವಾಳದಿಂದ ಒಂದು ವಾಟರ್ ಪಂಪ್ ಬಂದಿತ್ತಲ್ಲ?"

"ಬಂದಿತ್ತು."

"ಎಲ್ಲಿ?"

"ಹೋಗಿದೆ."

"ಎಲ್ಲಿಗೆ?"

"ಮೂಡುಬಿದಿರೆಗೆ. ನನ್ನಲ್ಲಿ ಅದಕ್ಕೆ ಹೊಂದುವಂಥದ್ದು ಇರಲಿಲ್ಲ. ಅಲ್ಲಿ ಪಂಪು ರಿಪೇರಿ ಮಾಡಿ ಮಾರುವವರು ಇದ್ದಾರೆ. ಸ್ಯಾಂಪಲಿಗೆ ಕಳಿಸಿದ್ದೇನೆ."

"ಯಾರ ಕೈಯಲ್ಲಿ?"

"ಬಸ್ಸಿನಲ್ಲಿ."

"ಹೆಸರು ಬರೆದು ಕಳಿಸಿದ್ರಾ?"

ಆಗ ಮಾತ್ರ ತಲೆ ಎತ್ತಿ ನೋಡಿದರು. ಆ ನೋಟದಲ್ಲಿ ಬಂಟ್ವಾಳದ ಧನಿಗಳ ನೋವೇ ಇತ್ತು.

ನಾನು ಎದುರಿಗೇ ನಿಂತು ಮೂಡುಬಿದಿರೆಗೆ ಫೋನ್ ಮಾಡಿಸಿದೆ. ಆ ಕಡೆಯ ಸ್ವರ ಖುಷಿಯಲ್ಲಿ ಇತ್ತು. "ಸ್ಯಾಂಪಲಾ? ನನಗೆ ಸ್ಯಾಂಪಲ್ ಅಂತ ಯಾವುದೂ ಬರ್ಲಿಲ್ಲವಲ್ಲ ಅಣ್ಣ. ಬಂದ್ರೆ ಹೇಳ್ತೇನೆ."

ಬೆಳ್ತಂಗಡಿಯವರು ಫೋನ್ ಇಟ್ಟು, "ಬರಲಿಲ್ಲವಂತೆ" ಎಂದು, ಮತ್ತೆ ಗೇರ್ ಬಾಕ್ಸಿಗೆ ಬಗ್ಗಿದರು. ಕಳಿಸಿದವರ ಕರ್ತವ್ಯ ಕಳಿಸುವಲ್ಲಿಗೆ ಮುಗಿದಿತ್ತು. ಬರದೆ ಇರುವುದು ಪಂಪಿನ ಸ್ವಂತ ಜವಾಬ್ದಾರಿ.

ಆ ದಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಬರುವಾಗ ನನಗೆ ಅಳು ಬರುವುದೊಂದು ಬಾಕಿ. ಹೊಸ ಪಂಪು ಹುಡುಕಲು ಹೊರಟವನು ಇದ್ದದ್ದನ್ನೂ ಕಳಕೊಂಡು ಬರುತ್ತಿದ್ದೆ. ಮೆಕ್ಯಾನಿಕ್ಕನ್ನು ಕೇಳಿದೆ: ಪಂಪಿಲ್ಲದೆ, ತಂಪುಹೊತ್ತಿನಲ್ಲಿ, ನಿಧಾನಕ್ಕೆ ಹೋದರೆ? "ಹೋಗ್ಬಹುದು ಸಾರ್. ನೀವು ಪೊಳಲಿಗೆ, ಎಂಜಿನ್ ಮೇಲೆ." ಕೈಯಿಂದ ಆಕಾಶ ತೋರಿಸಿದ.

ಹೆಂಡತಿ ಗುಜರಿಯವರ ನಂಬರನ್ನು ಕ್ಯಾಲೆಂಡರಿನಲ್ಲಿ ಪತ್ತನಾಜೆಯ ಚೌಕದೊಳಗೇ ಬರೆದಿಟ್ಟಳು. ಅಂದ ಚಂದದ ಅಕ್ಷರ ಅವಳದ್ದು. ಊಟಕ್ಕೆ ಕೂತಾಗಲೆಲ್ಲ ನನ್ನ ಎದುರಿಗೆ ಅದೇ.

ಪತ್ತನಾಜೆಗೆ ಎರಡು ದಿನ ಇರುವಾಗ ಬಂಟ್ವಾಳದ ಧನಿಗಳ ಫೋನ್ ಬಂತು. ಮೊದಲ ಬಾರಿಗೆ ಅವರ ಸ್ವರದಲ್ಲಿ ಅವಸರ ಇತ್ತು. "ವಕೀಲರೇ, ಸಿಕ್ಕಿತು! ಮೂಡುಬಿದಿರೆಯಲ್ಲಿ ಒಂದು ಪೀಸ್ ಉಂಟಂತೆ. ಪೆಟ್ರೋಲಿನದ್ದೇ. ಹಳೆ ಒರಿಜಿನಲ್, ಈಗ ಅಂಥದ್ದು ಬರುದೇ ಇಲ್ಲ. ಬಸ್ಸಿನಲ್ಲಿ ಕಳಿಸ್ಲಿಕ್ಕೆ ಹೇಳುವನಾ?"

"ಬಸ್ಸಿನಲ್ಲಿ ಬೇಡ!" ಎಂದು ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿತು.

ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಹೋದೆ. ಬಸ್‌ಸ್ಟ್ಯಾಂಡು ಎಂದಿನಂತೆ ಕಾಲೇಜು ಮಕ್ಕಳಿಂದ ತುಂಬಿ, ಬೆನ್ನಿನ ಚೀಲಗಳ ನಡುವೆ ದಾರಿ ಮಾಡಿಕೊಳ್ಳಬೇಕಾಯಿತು. ಅಂಗಡಿ ಹಿಂದಿನ ಓಣಿಯಲ್ಲಿ. ಫೋನಿನಲ್ಲಿ ಕೇಳಿದ ಖುಷಿಯ ಸ್ವರದ ಯಜಮಾನರು ನನ್ನನ್ನು ಸ್ಟೂಲಿನಲ್ಲಿ ಕೂರಿಸಿ, ಫ್ಯಾನು ನನ್ನ ಕಡೆ ತಿರುಗಿಸಿ, ಒಳಗಿನಿಂದ ಪಂಪನ್ನು ಎರಡೂ ಕೈಯಲ್ಲಿ ತಂದು ಪೇಪರಿನ ಮೇಲೆ ಇಟ್ಟರು. ಬೆಳ್ಳಿ ಬಣ್ಣ ಹೊಡೆದು ಥಳಥಳ ಹೊಳೆಯುತ್ತಿತ್ತು.

"ನೋಡಿ ಸಾರ್. ಬೇರಿಂಗ್ ಹೊಸದು, ಸೀಲ್ ಹೊಸದು. ಬಾಡಿ ಹಳೆ ಕಾಲದ್ದು. ಈ ತೂಕ ಈಗಿನದ್ದಕ್ಕೆ ಉಂಟಾ? ಎತ್ತಿ ನೋಡಿ."

ಎತ್ತಿದೆ. ತೂಕ ಕೈಗೆ ಪರಿಚಯದ್ದು. ಹೆಬ್ಬೆರಳು ತನ್ನಷ್ಟಕ್ಕೆ ಒಂದು ಕಿವಿಯ ಬುಡಕ್ಕೆ ಹೋಯಿತು. ಅಲ್ಲಿ ಬಣ್ಣದ ಅಡಿಯಲ್ಲಿ ಒಂದು ದಪ್ಪ ಗೆರೆ. ಕೀಲಿಕೈಯಿಂದ ಸ್ವಲ್ಪ ಕೆರೆದೆ. ಹಳದಿ ಹಿತ್ತಾಳೆ ಇಣುಕಿತು.

"ಇದು ನನ್ನದು" ಎಂದೆ.

"ನಿಮ್ಮದೇ ಸಾರ್, ತಕೊಂಡ ಮೇಲೆ ನಿಮ್ಮದೇ" ಎಂದರು ಸಂತೋಷದಿಂದ.

"ಹಾಗಲ್ಲ. ಮೊದಲಿಂದಲೂ ನನ್ನದು. ಸ್ಯಾಂಪಲಿಗೆ ಕೊಟ್ಟದ್ದು. ಈ ಬೆಸುಗೆ ನನ್ನ ಮಾವ ಮಾಡಿಸಿದ್ದು."

ಅವರ ಮುಖದಲ್ಲಿ ಕಳ್ಳತನ ಇರಲಿಲ್ಲ, ಬರೀ ಆಶ್ಚರ್ಯ. ಕೂಡಲೇ ಬೆಳ್ತಂಗಡಿಗೆ ಫೋನ್ ಹಚ್ಚಿ ನನಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದರು.

"ಅಣ್ಣ, ನೀವು ಆವತ್ತು ಕಳಿಸಿದ ಪಂಪ್ ಸ್ಯಾಂಪಲಿಗಾ?"

"ಸ್ಯಾಂಪಲಿಗೆ."

"ಹಾಗಂತ ಹೇಳಿದ್ರಾ ನೀವು?"

"ಹೇಳುವುದು ಎಂತಕ್ಕೆ? ನೋಡಿದರೆ ಗೊತ್ತಾಗುವುದಿಲ್ಲವೇ?"

"ನೋಡಿದ್ರೆ ರಿಪೇರಿ ಮಾಡಿ ಮಾರ್ಲಿಕ್ಕೆ ಅಂತ ಗೊತ್ತಾಯ್ತು! ಯಾವಾಗ್ಲೂ ನೀವು ಹಳೆ ಸಾಮಾನು ಕಳಿಸುದು ಅದಕ್ಕೇ ಅಲ್ವಾ?"

"ಅದೂ ಸರಿಯೇ" ಎಂದಿತು ಬೆಳ್ತಂಗಡಿ, ಸ್ವಲ್ಪ ಯೋಚಿಸಿ.

ಈಗ ಓದುಗರು ನನ್ನ ಸ್ಥಿತಿಯನ್ನು ಕಲ್ಪಿಸಿಕೊಳ್ಳಬೇಕು. ನನ್ನ ಸ್ವತ್ತು. ನನ್ನ ಒಪ್ಪಿಗೆಯಿಲ್ಲದೆ ಮೂರು ಪೇಟೆ ತಿರುಗಿದೆ, ಬಣ್ಣ ಬಳಿಸಿಕೊಂಡಿದೆ, ನನಗೇ ಮಾರಾಟಕ್ಕೆ ಬಂದು ಕೂತಿದೆ. ಸ್ವತ್ತಿನ ಮೇಲೆ ಅಳಿಸಲಾಗದ ಗುರುತು ಉಂಟು. ವೃತ್ತಿಯಲ್ಲಿದ್ದಾಗ ಇಷ್ಟು ಸ್ವಚ್ಛವಾದ ಕೇಸು ಒಂದೂ ನನಗೆ ಸಿಕ್ಕಿರಲಿಲ್ಲ. ಆದರೆ ಪ್ರತಿವಾದಿ ಯಾರು? ಬಂಟ್ವಾಳದವರು ನನ್ನ ಒಳ್ಳೆಯದಕ್ಕೇ ಕಳಿಸಿದರು. ಬೆಳ್ತಂಗಡಿಯವರು ತಮ್ಮಲ್ಲಿ ಇಲ್ಲದ್ದನ್ನು ಹುಡುಕಿಸಲು ಕಳಿಸಿದರು. ಇವರು ಬಂದದ್ದನ್ನು ನಿಯತ್ತಿನಿಂದ ರಿಪೇರಿ ಮಾಡಿ, ಬೇಕೆಂದವರಿಗೆ ಕೊಡಲು ಸಿದ್ಧರಾಗಿ ನಿಂತಿದ್ದಾರೆ. ಮೂವರಲ್ಲಿ ಒಬ್ಬನಾದರೂ ಕಳ್ಳನಾಗಿದ್ದರೆ ನನ್ನ ಸಿಟ್ಟಿಗೆ ಒಂದು ವಿಳಾಸ ಇರುತ್ತಿತ್ತು.

ಆದರೂ ರಕ್ತ ಕೇಳಬೇಕಲ್ಲ. ಎದ್ದು ನಿಂತೆ. ಪಂಪನ್ನು ಮೇಜಿನ ಮೇಲೆ ಇಟ್ಟು, ಮೇಲೆ ಅಂಗೈ ಇಟ್ಟು, ಕೋರ್ಟಿನ ಸ್ವರ ತೆಗೆದೆ.

"ಇದಕ್ಕೆ ನಾನು ದುಡ್ಡು ಕೊಟ್ಟು ಕೊಂಡರೆ ನನ್ನ ಹಕ್ಕನ್ನು ನಾನೇ ಬಿಟ್ಟುಕೊಟ್ಟ ಹಾಗೆ. ಇದು ಇನ್ನು ಸಾಮಾನಲ್ಲ, ಮುದ್ದೆಮಾಲು. ಸಾಕ್ಷ್ಯ. ನಾನು ಕೇಸು ಹಾಕುವವನೇ."

ಮೂಡುಬಿದಿರೆಯವರು ಬಹಳ ಗೌರವದಿಂದ ಕೇಳಿಸಿಕೊಂಡರು. ನಂತರ ಪಂಪನ್ನು ಮೆಲ್ಲ ನನ್ನ ಕೈಯ ಅಡಿಯಿಂದ ತೆಗೆದು ಪೇಪರಿನಲ್ಲಿ ಸುತ್ತತೊಡಗಿದರು.

"ಹಾಗಾದ್ರೆ ಕೇಸು ಮುಗಿಯುವವರೆಗೆ ಇದು ಇಲ್ಲೇ ಭದ್ರ ಇರ್ಲಿ ಸಾರ್. ಯಾರಿಗೂ ಕೊಡುದಿಲ್ಲ. ನಾಳೆ ಯಾರೂ ನನ್ನನ್ನು ಕೇಳ್ಬಾರದಲ್ಲ, ಸಾಕ್ಷಿ ಎಲ್ಲಿ ಅಂತ?"

ಅವರು ವ್ಯಂಗ್ಯಕ್ಕೆ ಹೇಳಿದ್ದಲ್ಲ. ಅದೇ ಹೆಚ್ಚು ಚುಚ್ಚಿತು. ಸಿವಿಲ್ ದಾವೆಯೊಂದು ಮುಗಿಯಲು ಎಷ್ಟು ಕಾಲ ಹಿಡಿಯುತ್ತದೆಂದು ಆ ಓಣಿಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಪತ್ತನಾಜೆ ನಾಡಿದ್ದು. ಕ್ಯಾಲೆಂಡರಿನ ಚೌಕದಲ್ಲಿ ಅಂದ ಚಂದದ ಅಕ್ಷರ. ಗುಜರಿಯವರ ಹಗ್ಗ.

"ರಾಜಿ" ಎಂದೆ.

"ಹಾಂ?"

"ರಾಜಿ ಮಾಡಿಕೊಳ್ಳುವ. ರಿಪೇರಿಯ ಖರ್ಚು ಎಷ್ಟು ಹೇಳಿ, ಕೊಡ್ತೇನೆ."

ಪಂಪನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಕಂಡಕ್ಟರ್, "ಎದುರು ಇಡುವನಾ ಸಾರ್, ಭಾರ ಆಗ್ತದಲ್ಲ" ಎಂದು ಕೈ ಚಾಚಿದ. ನಾನು ಅವನನ್ನು ನೋಡಿದ ರೀತಿಗೆ ಬಡಪಾಯಿ ಎರಡು ಹೆಜ್ಜೆ ಹಿಂದೆ ಸರಿದ.

ಪತ್ತನಾಜೆಯ ಬೆಳಿಗ್ಗೆ ಮೆಕ್ಯಾನಿಕ್ ಕೊನೆಯ ಬೋಲ್ಟು ಬಿಗಿದ. ಮಗಳು ತರಿಸಿದ ಗ್ಯಾಸ್ಕೆಟ್ಟು ಸರಿಯಾಗಿ ಕೂತಿತು ಎಂಬುದನ್ನು ಇಲ್ಲಿ ನಮೂದಿಸಲೇಬೇಕು. ಎಂಜಿನ್ ಶುರುವಾಯಿತು. ಅವನು ಬಗ್ಗಿ ನೋಡಿದ, ಬೆರಳಿನಿಂದ ಮುಟ್ಟಿ ನೋಡಿದ, ನನ್ನ ಮುಖ ನೋಡಿದ.

"ಎಂತ?"

"ಸ್ವಲ್ಪ ಸೋರ್ತದೆ ಸಾರ್. ಬೇರಿಂಗ್ ಲಾಯ್ಕಾಗಿದೆ. ಆದ್ರೆ ಆ ಬೆಸುಗೆಯ ಹತ್ರ ಹನಿ ಹನಿ. ಮೊದಲಿನಷ್ಟು ಇಲ್ಲ."

ಇಷ್ಟು ತಿಂಗಳ ಸಾಧನೆ: ಮೊದಲಿನಷ್ಟು ಇಲ್ಲ.

ಹೆಂಡತಿ ಸೀರೆ ಉಟ್ಟು ಹೊರಗೆ ಬಂದಳು. ಕೈಯಲ್ಲಿ ಹಣ್ಣುಕಾಯಿಯ ಚೀಲ. ಇನ್ನೊಂದು ಕೈಯಲ್ಲಿ ನಾನು ಮರೆತೇಬಿಟ್ಟಿದ್ದ ಒಂದು ವಸ್ತು: ಮಾವನವರ ನೀರಿನ ಕ್ಯಾನು, ಬಾಯಿಗೆ ಬಟ್ಟೆ ಸುತ್ತಿದ್ದು, ಘಾಟಿಯಲ್ಲಿ ಸೀಟಿನ ಹಿಂದೆ ಗುಡುಗುಡು ಉರುಳುತ್ತಿದ್ದದ್ದು.

"ಇದು ಎಲ್ಲಿತ್ತು?"

"ನನ್ನ ಹತ್ರ" ಎಂದಳು. "ಬಾಗಿಲು ತೆಗೀರಿ. ಹಿಡಿ ಇಲ್ಲದ ಕಾರಿಗೆ ನಾನು ಕೈ ಹಾಕುದಿಲ್ಲ."

ಹೊರಟೆವು. ಅರ್ಧ ದಾರಿಯಲ್ಲಿ ಕಾವಿನ ಮುಳ್ಳು ಮೇಲೇರಿತು. ನಾನು ಇನ್ನೂ ಸ್ವಲ್ಪ ಮುಂದೆ, ಆ ಇಳಿಜಾರಿನವರೆಗೆ ಎಂದು ಕಾಲೊತ್ತಿ ಕೂತಿದ್ದೆ. "ನಿಲ್ಲಿಸಿ" ಎಂದಳು. "ಕುದಿದ ಮೇಲೆ ನಿಲ್ಲಿಸುದಲ್ಲ, ಮೊದಲು ನಿಲ್ಲಿಸುದು." ಇಳಿದಳು, ಗೋಣಿಯ ತುಂಡು ಒದ್ದೆ ಮಾಡಿ ರೇಡಿಯೇಟರಿನ ಮುಚ್ಚಳದ ಮೇಲೆ ಹಾಕಿದಳು, ಮರದ ನೆರಳಿಗೆ ಹೋಗಿ ಕೂತಳು. ನನಗೆ ಮಾತಾಡುವ ಅಪ್ಪಣೆ ಇರಲಿಲ್ಲ. ದಾಟಿ ಹೋದ ರಿಕ್ಷಾದವನೊಬ್ಬ ನಿಧಾನಿಸಿ, "ಎಳೆಯುವನಾ ಸಾರ್? ಹಗ್ಗ ಉಂಟು" ಎಂದ.

"ಬೇಡ" ಎಂದೆವು ಇಬ್ಬರೂ, ಒಟ್ಟಿಗೆ. ಅವಳ ಸ್ವರವೇ ಜೋರಾಗಿತ್ತು.

ತಣಿದ ಮೇಲೆ ಅವಳೇ ನೀರು ಹೊಯ್ದಳು. ಪೊಳಲಿಗೆ ಹೋದೆವು, ಹಣ್ಣುಕಾಯಿ ಮಾಡಿಸಿದೆವು, ಬರುವಾಗ ಇನ್ನೊಮ್ಮೆ ನಿಂತೆವು, ಕಾರು ಸ್ವಂತ ಕಾಲಲ್ಲಿ ಗೇಟಿನೊಳಗೆ ಬಂತು. ಕಾರನ್ನು ಶೆಡ್ಡಿಗೆ ತಿರುಗಿಸಲು ಹೋದ ನನ್ನನ್ನು ಅವಳು ತಡೆದು ಅಂಗಳದ ಮೂಲೆ ತೋರಿಸಿದಳು. ಟಾರ್ಪಾಲು ಮಡಚಿ ಅಲ್ಲೇ ಇಟ್ಟಿತ್ತು. ತೀರ್ಪು ತೀರ್ಪೇ. ಒಳಗೆ ಹೋದವಳು ಕ್ಯಾಲೆಂಡರಿನ ನಂಬರಿನ ಮೇಲೆ ಒಂದು ಗೀಟು ಎಳೆದಳು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಹಾಳೆತಟ್ಟೆಯ ಯಂತ್ರ ಬಂತು. ಹತ್ತು ಎಂದರೆ ಹತ್ತೇ. ಅದನ್ನು ತಂದವರು ಸ್ಕ್ರೂ ಸಮೇತ ಎಲ್ಲವನ್ನೂ ತಂದಿದ್ದರು. ನಾನು ಅವರನ್ನು ಅನ್ಯಲೋಕದ ಜೀವಿಗಳನ್ನು ನೋಡುವ ಹಾಗೆ ನೋಡುತ್ತ ಜಗಲಿಯಲ್ಲಿ ಕೂತಿದ್ದೆ. ಆಗ ಫೋನ್ ಬಂತು. ಬಂಟ್ವಾಳದ ಧನಿಗಳು.

"ವಕೀಲರೇ, ಒಳ್ಳೆ ಸುದ್ದಿ! ಹೊಸ ಪಂಪೇ ಬಂತು, ಪೆಟ್ರೋಲಿನದ್ದು, ಪ್ಯಾಕ್ ಒಡೀಲಿಲ್ಲ. ಒಂದು ಕೆಲಸ ಮಾಡಿ, ಹಳೆಯದನ್ನು ಬಿಚ್ಚಿ ಸ್ಯಾಂಪಲಿಗೆ ತಂದುಬಿಡಿ. ಹೋಲಿಸಿ ನೋಡುವ."

ಅಂಗಳದ ಮೂಲೆಯಲ್ಲಿ ಟಾರ್ಪಾಲಿನ ಕೆಳಗಿನಿಂದ ಒಂದು ಸಣ್ಣ ನೀರಿನ ಗೆರೆ ಹರಿದು ಬರುತ್ತಿತ್ತು. ಅದನ್ನೇ ನೋಡುತ್ತ ನಾನು ಅತ್ಯಂತ ಸೌಜನ್ಯದಿಂದ ಉತ್ತರಿಸಿದೆ.

"ನೋಡುವ."